ದಪ್ಪ ಪುಡಿ, ನುಣ್ಣನೆ ಪುಡಿ: ಫಲಿತಾಂಶ ಒಂದೇ ಯಾಕೆ?

ಪ್ರಶ್ನೆ: ಒಂದೇ ವಸ್ತುವಿನ ಎರಡು ಪುಡಿಗಳನ್ನು ಸ್ಫೋಟ ಪರೀಕ್ಷೆಗೆ, ಅಂದರೆ ಗಾಳಿಯಲ್ಲಿ ಹರಡಿದ ಪುಡಿ ಎಷ್ಟು ಜೋರಾಗಿ ಸಿಡಿಯುತ್ತದೆ ಎಂದು ನೋಡಲು, ಕೊಟ್ಟಿದ್ದೆವು. ಒಂದು ದಪ್ಪ, ಇನ್ನೊಂದು ನುಣ್ಣಗೆ. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬಂದಿದೆ. ದಪ್ಪ ಪುಡಿ ನಿಧಾನವಾಗಿ ಉರಿಯಬೇಕಲ್ವಾ? ಲ್ಯಾಬಿನಲ್ಲಿ ಮಾದರಿ ಅದಲುಬದಲಾಗಿರಬಹುದೇ?

ಉತ್ತರ: ಆ ಅನುಮಾನ ಸ್ವಲ್ಪ ಪಕ್ಕಕ್ಕಿರಲಿ. ಇಂಥ ಪರೀಕ್ಷೆಗಳನ್ನೇ ವರ್ಷಗಟ್ಟಲೆ ಮಾಡಿದವನು ನಾನು. ನನಗೆ ಮೊದಲು ಹೊಳೆಯುವುದು ಬೇರೆ ಪ್ರಶ್ನೆ. ಬೆಂಕಿ ಹತ್ತುವ ಹೊತ್ತಿಗೆ ನಿಮ್ಮ ದಪ್ಪ ಪುಡಿ ದಪ್ಪವಾಗಿಯೇ ಉಳಿದಿತ್ತಾ?

ಈ ಪರೀಕ್ಷೆಗೆ ಸಾಮಾನ್ಯವಾಗಿ ಬಳಸುವ 20 ಲೀಟರಿನ ಟೊಳ್ಳು ಲೋಹದ ಗೋಳವನ್ನೇ ನೋಡಿ. ಪುಡಿ ಇರುವುದು ಕೆಳಗಿನ 0.6 ಲೀಟರಿನ ಪುಟ್ಟ ಪಾತ್ರೆಯಲ್ಲಿ. ಅದಕ್ಕೆ 20 ಬಾರ್ ಒತ್ತಡದ ಗಾಳಿ ತುಂಬುತ್ತಾರೆ (ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 1 ಬಾರ್). ಗೋಳದ ಒಳಗೆ ಮೊದಲೇ ಗಾಳಿ ತೆಗೆದು 0.4 ಬಾರ್‌ಗೆ ಇಳಿಸಿರುತ್ತಾರೆ. ವಾಲ್ವ್ ತೆರೆದ ಕೂಡಲೇ ಪುಡಿ ಗಾಳಿಯ ಜೊತೆ ಭರ್ರನೆ ಒಳನುಗ್ಗುತ್ತದೆ. 60 ಮಿಲಿಸೆಕೆಂಡಿಗೆ ನಡುವಿನ ರಾಸಾಯನಿಕ ಇಗ್ನೈಟರುಗಳು, ಅಂದರೆ ಪುಡಿಗೆ ಬೆಂಕಿ ಹಚ್ಚುವ ಪುಟ್ಟ ಸಾಧನಗಳು, ಹೊತ್ತಿಕೊಳ್ಳುತ್ತವೆ.

ಪುಡಿಯ ಗತಿ ಬದಲಾಗುವುದು ಈ ಚಿಕ್ಕ ಅವಧಿಯಲ್ಲೇ. ಇಕ್ಕಟ್ಟಾದ ವಾಲ್ವಿನಲ್ಲಿ, ನಾಝಲಿನಲ್ಲಿ ಕಣಗಳು ಲೋಹಕ್ಕೆ ಬಡಿಯುತ್ತವೆ, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಗಾಳಿಯ ಸೆಳೆತವೂ ಅವನ್ನು ಸೀಳುತ್ತದೆ. ಬೇಗ ಮುರಿಯುವ ಹರಳು, ಸುಮ್ನೆ ಅಂಟಿಕೊಂಡ ಗಂಟು ಚೂರಾಗುತ್ತವೆ. ಗಟ್ಟಿ ಲೋಹದ ಕಣಗಳು ಅಷ್ಟಾಗಿ ಒಡೆಯುವುದಿಲ್ಲ. ನ್ಯಾನೋ ಪುಡಿಯ, ಅಂದರೆ ಅತಿ ಸೂಕ್ಷ್ಮ ಕಣಗಳ ಪುಡಿಯ, ಕಥೆ ಇನ್ನೊಂದು ಥರ. ಅಲ್ಲಿ ಕಣಗಳು ಎಷ್ಟು ಬಲವಾಗಿ ಅಂಟಿರುತ್ತವೆ ಎಂದರೆ ಈ ರಭಸಕ್ಕೂ ಪೂರ್ತಿ ಬಿಡಿಯಾಗುವುದಿಲ್ಲ. ಹಾಗಾಗಿ ಅದು ತನ್ನ ಅಳತೆಗಿಂತ ದಪ್ಪ ಪುಡಿಯ ಹಾಗೆ ಉರಿಯುತ್ತದೆ.

ಚೂರಾದರೆ ಏನಾಗುತ್ತದೆ? 60 ಮೈಕ್ರಾನಿನ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಒಂದು ಕಣ 30 ಮೈಕ್ರಾನಿನ 8 ಕಣಗಳಾದರೆ ತೂಕ ಅಷ್ಟೇ, ಮೇಲ್ಮೈ ಮಾತ್ರ ಎರಡು ಪಟ್ಟು. ಹಿಟ್ಟು, ಸಕ್ಕರೆಯಂಥ ಸಾವಯವ ಪುಡಿ ಬೇಗ ಕಾದು ಅನಿಲ ಬಿಡುತ್ತದೆ, ಹೆಚ್ಚಾಗಿ ಉರಿಯುವುದು ಆ ಅನಿಲವೇ. ಒಟ್ಟು ಶಾಖ ಹೆಚ್ಚು ಬದಲಾಗುವುದಿಲ್ಲ, ಹಾಗಾಗಿ ಗರಿಷ್ಠ ಒತ್ತಡವೂ ಅಷ್ಟಾಗಿ ಏರುವುದಿಲ್ಲ. ಒತ್ತಡ ಏರುವ ವೇಗ ಮಾತ್ರ ಜೋರಾಗುತ್ತದೆ. ವರದಿಯಲ್ಲಿ ಕೆ-ಎಸ್‌ಟಿ ಎಂದು ಬರೆಯುವ ಸಂಖ್ಯೆ ಬರುವುದು ಈ ವೇಗದಿಂದಲೇ. ನಿಮ್ಮ ವರದಿಯಲ್ಲಿ ಮೊದಲು ನೋಡಬೇಕಾದದ್ದೂ ಅದನ್ನೇ.

ಲ್ಯಾಬಿನವರಿಗೆ ಒಂದು ಕೆಲಸ ಹೇಳಿ. ಇಗ್ನೈಟರ್ ಇಲ್ಲದೆ ದಪ್ಪ ಪುಡಿಯನ್ನು ಗೋಳಕ್ಕೆ ಒಮ್ಮೆ ಊದಲಿ. ಅದನ್ನು ಒಟ್ಟು ಮಾಡಿ ಕಣದ ಅಳತೆ ನೋಡಲಿ. ಊದುವ ಮುಂಚಿನ ಅಳತೆ ಒಂದೇ ಸಾಲದು. ಎರಡನ್ನೂ ವರದಿಯಲ್ಲಿ ಬರೆಸಿಕೊಳ್ಳಿ. ಊದಿದ ಮೇಲೂ ಪುಡಿ ದಪ್ಪವಾಗಿಯೇ ಇದ್ದರೆ ಆಗ ಅದಲುಬದಲಿನ ಪ್ರಶ್ನೆ ಎತ್ತಿ.

ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ. ಗೋಳವೇ ಪುಡಿ ಒಡೆಯಿತು, ಹಾಗಾಗಿ ದಪ್ಪ ಪುಡಿಯಿಂದ ಅಪಾಯವಿಲ್ಲ ಎಂದು ದಯವಿಟ್ಟು ತೀರ್ಮಾನಿಸಬೇಡಿ. ಪೈಪಿನಲ್ಲಿ ಗಾಳಿಯಿಂದ ಸಾಗಿಸುವಾಗಲೂ ಪುಡಿ ಒಡೆಯುತ್ತದೆ. ಹೀಗೆ ಹುಟ್ಟಿದ ನುಣ್ಣನೆ ದೂಳು ಫಿಲ್ಟರಿನಲ್ಲಿ ಹೋಗಿ ಸೇರುತ್ತದೆ. ಆ ಫಿಲ್ಟರಿನ ದೂಳನ್ನೂ ಪರೀಕ್ಷೆಗೆ ಕೊಡಿ. ಅಲ್ಲಿಯವರೆಗೆ ಸ್ಫೋಟದ ಒತ್ತಡ ಹೊರಬಿಡುವ ಕಿಂಡಿಯ ಲೆಕ್ಕವನ್ನು ಈಗಿರುವ ಎರಡರಲ್ಲಿ ದೊಡ್ಡ ಸಂಖ್ಯೆ ಹಿಡಿದೇ ಮಾಡಿಸಿ.