4×5 ಅಡಿಗೆ ಹಾರುವ ಮುಂಚೆ

ಎರಡು ವರ್ಷದಿಂದ 12×16 ಇಂಚಿನ ಕ್ಯಾನ್ವಾಸಿನಲ್ಲೇ ಅಕ್ರಿಲಿಕ್ ಬಣ್ಣದ ಚಿತ್ರ ಮಾಡುತ್ತಿದ್ದೀರಿ, ಬೆಂಗಳೂರಿನ ಚಿತ್ರಕಲೆಯ ಮೇಳ ಚಿತ್ರಸಂತೆಗೆ 4×5 ಅಡಿಯದ್ದು ಮಾಡಲಾ ಅಂತ ಕೇಳಿದ್ದೀರಿ, ಅಲ್ವಾ?

ಮೊದಲು ಲೆಕ್ಕ ನೋಡಿ. ಅದು ನಿಮ್ಮ ಈಗಿನ ಕ್ಯಾನ್ವಾಸಿನ 15 ಪಟ್ಟು ಜಾಗ. ಬಣ್ಣವೂ ಹಾಗೇ ಖರ್ಚಾಗುತ್ತದೆ. ಅದಕ್ಕಿಂತ ದೊಡ್ಡ ತಲೆನೋವು ಅಕ್ರಿಲಿಕ್ ಒಣಗುವ ವೇಗ: ಚಿಕ್ಕದರಲ್ಲಿ ಆಕಾಶವನ್ನು ಒಂದೇ ಸಲಕ್ಕೆ ಬೆರೆಸಿ ಮುಗಿಸಬಹುದು, ದೊಡ್ಡದರಲ್ಲಿ ಎಡತುದಿಯಿಂದ ಬಲಕ್ಕೆ ಬರುವಷ್ಟರಲ್ಲಿ ಶುರು ಮಾಡಿದ ಕಡೆ ಒಣಗಿ ಗೆರೆ ಕೂತುಬಿಟ್ಟಿರುತ್ತದೆ. ಬಣ್ಣ ಒಣಗುವುದನ್ನು ನಿಧಾನ ಮಾಡುವ ರಿಟಾರ್ಡರ್ ಸ್ವಲ್ಪ ಸೇರಿಸಿ, ಮೂರು ಇಂಚಿನ ಬ್ರಷ್ ಹಿಡಿಯಿರಿ. ಬೇಕಾದ ಬಣ್ಣವನ್ನು ಮೊದಲೇ ಡಬ್ಬಿಯಲ್ಲಿ ಕಲಸಿಡಿ, ನಡುವೆ ಖಾಲಿಯಾದರೆ ಅದೇ ಛಾಯೆ ಮತ್ತೆ ಸಿಗುವುದು ಕಷ್ಟ.

ಮಜಾ ಇಲ್ಲ ಅಂತಲ್ಲ. ಮಣಿಕಟ್ಟು ಬಿಟ್ಟು ಭುಜದಿಂದ ಬ್ರಷ್ ಎಳೆಯುವ ಖುಷಿಯೇ ಬೇರೆ. ಆದರೆ ಚಿಕ್ಕದರಲ್ಲಿ ಕಾಣದ ಡ್ರಾಯಿಂಗ್ ತಪ್ಪೆಲ್ಲ ಅಲ್ಲಿ ಎದ್ದು ಕಾಣುತ್ತದೆ, ಆಗಾಗ ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಬೇಕು. ನಾನು ಅಂಥದ್ದು ಮಾಡಿದಾಗ ನನ್ನ ರೂಮಿನಲ್ಲಿ ಅಷ್ಟು ಜಾಗವೇ ಇರಲಿಲ್ಲ! ಕೊನೆಗೆ ಚಿತ್ರ ಆಟೋದಲ್ಲೂ ಹಿಡಿಸದೆ, ಕ್ಯಾನ್ವಾಸನ್ನು ಮರದ ಚೌಕಟ್ಟಿನಿಂದ ಬಿಚ್ಚಿ ಸುತ್ತಿಕೊಂಡು ಹೋದೆ.

ಚಿಕ್ಕದು ಅಂದರೆ ಕಮ್ಮಿ ಅಂದುಕೊಳ್ಳಬೇಡಿ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿರುವ, ಡಚ್ ಚಿತ್ರಕಾರ ವರ್ಮೀರನ ಲೇಸ್ ಹೆಣೆಯುವವಳ ಚಿತ್ರ ಬರೀ 24×21 ಸೆಂ.ಮೀ. ಆಸುಪಾಸು.

ಸಂತೆ ಇರುವುದು ಒಂದೇ ದಿನ, ಅದೂ ಕುಮಾರಕೃಪಾ ರಸ್ತೆಯ ಆ ಜನಜಂಗುಳಿಯಲ್ಲಿ. ಕೈಯಲ್ಲಿ ಹಿಡಿದು ಮೆಟ್ರೋ ಹತ್ತುವಂಥ ಚಿತ್ರ ಕೊಳ್ಳುವವರಿಗೂ ಸುಲಭ. ಹಾಗಾಗಿ ಹತ್ತು ಚಿಕ್ಕದರ ಜೊತೆ ಒಂದು 2×3 ಅಡಿಯದ್ದು ಮಾಡಿ, ದೂರದಿಂದ ಜನರನ್ನು ಎಳೆಯಲು ಅದೇ ಸಾಕು.