ಗದ್ದೆ ತೋಟ ಮಾಡೋದು: ಒಂದೂವರೆ ಎಕರೆ, ಐದು ಲಕ್ಷ, ಜೂನ್ ಒಳಗೆ ಅಂದವರಿಗೆ

ನಮಸ್ಕಾರ ಮಾರಾಯ್ರೆ, ನಿಮ್ಮ ಪ್ರಶ್ನೆ ಈಗ ನೋಡ್ದೆ. ತೀರ್ಥಹಳ್ಳಿ ಕಡೆ ಒಂದೂವರೆ ಎಕರೆ ಗದ್ದೆ, ಕೈಯಲ್ಲಿ ಐದು ಲಕ್ಷ, ಅದ್ರಲ್ಲಿ ಬೋರು, ಡ್ರಿಪ್ಪು, ತಂತಿ ಬೇಲಿ, ಪಂಪ್ ಶೆಡ್ಡು, 800 ಅಡಿಕೆ ಸಸಿ, ಎಲ್ಲಾ ಮಳೆ ಹಿಡಿಯೋದ್ರೊಳಗೆ ಮುಗೀಬೇಕು, ಯಾವ್ದು ಬಿಡ್ಲಿ ಅಂತ ಕೇಳಿದೀರಿ. ಆಗ್ಲೇ ಉತ್ತರ ಹಾಕಿದವರಲ್ಲಿ ಅರ್ಧ ಜನ ಸೊಸೈಟಿ ಸಾಲ ತಗೊಳ್ಳಿ ಅಂದಿದಾರೆ, ಇನ್ನರ್ಧ ಜನ ಬಸಿಗಾಲುವೆ (ತೋಟದ ನೀರು ಬಸಿದು ಹೊರಗೆ ಹೋಗೋ ಕಾಲುವೆ) ಆಮೇಲೆ ನೋಡ್ಕೊಂಡ್ರಾಯ್ತು ಅಂದಿದಾರೆ. ನಂಗೆ ಎರಡೂ ಒಪ್ಪಿಗೆ ಇಲ್ಲ.

ಮೊದ್ಲು ಯಾವ್ದು ಅಲ್ಲಾಡಲ್ಲ ಅಂತ ನೋಡಿ. ದುಡ್ಡು ಹೆಂಗೋ ಹೊಂದಿಸ್ಬಹುದು, ಸಸಿ ಸಂಖ್ಯೆ ಕಮ್ಮಿ ಮಾಡ್ಬಹುದು, ಮಳೆಗೆ ಮಾತ್ರ ಯಾರೂ ಹೇಳಕ್ಕಾಗಲ್ಲ. ಮೃಗಶಿರ ಹಿಡಿದ್ಮೇಲೆ ಗದ್ದೆಗೆ ಜೆಸಿಬಿ ಇಳಿಯಲ್ಲ, ಮೇ ತಿಂಗಳಲ್ಲೇ ಸಂಜೆ ಎರಡು ಜೋರು ಅಡ್ಡಮಳೆ ಬಂದ್ರೆ ಸಾಕು ಚಕ್ರ ಹೂತು ಇನ್ನೊಂದು ಮಷಿನ್ ತಂದು ಎಳೆಸ್ಬೇಕಾಗತ್ತೆ, ಅದ್ರ ಬಾಡಿಗೆನೂ ನಿಮ್ಮದೇ. ಈಗ ಮಾರ್ಚ್ ಮುಗೀತಾ ಬಂತು, ಏಪ್ರಿಲ್ ಮೇನಲ್ಲಿ ಜೆಸಿಬಿಯವರು ಎಲ್ಲರಿಗೂ ನಾಳೆ ಬರ್ತೀನಿ ಅಂತಾನೇ ಹೇಳೋದು. ಹಂಗಾಗಿ ಮಣ್ಣಿನ ಕೆಲಸ ಮೇ ಮಧ್ಯದೊಳಗೆ ಮುಗೀಬೇಕು, ಬಾಕಿದೆಲ್ಲ ಅದಕ್ಕೆ ತಕ್ಕಂಗೆ ಹೊಂದಿಸ್ಕೊಳ್ಳಿ.

ಈಗ ನಿಮ್ಮ ಪಟ್ಟಿ ಇನ್ನೊಂದ್ಸಲ ನೋಡಿ, ಜೂನ್‌ಗೆ ಬೇಕಾಗಿರೋದು ಯಾವ್ದು ಡಿಸೆಂಬರ್‌ಗೆ ಬೇಕಾಗಿರೋದು ಯಾವ್ದು ಅಂತ. ಡ್ರಿಪ್ ಜೂನ್‌ನಲ್ಲಿ ಎಂತಕೆ? ನಮ್ಮಲ್ಲಿ ಜೂನ್‌ನಲ್ಲಿ ನೀರು ಹೊರಗೆ ಹಾಕೋದೇ ಕೆಲಸ. ಸಸಿಗೆ ನೀರು ಬೇಕಾಗೋದು ದೀಪಾವಳಿ ಕಳೆದು ಮಣ್ಣು ಒಣಗಕ್ಕೆ ಶುರುವಾದ್ಮೇಲೆ. ಸಹಾಯಧನದ ಅರ್ಜಿ ಈಗ್ಲೇ ತೋಟಗಾರಿಕೆ ಇಲಾಖೆಗೆ ಹಾಕಿಡಿ, ಅದು ನಿಧಾನಕ್ಕೆ ಬರತ್ತೆ ಬರ್ಲಿ, ಆದ್ರೆ ಮಂಜೂರಾತಿ ಆಗೋಕೆ ಮುಂಚೆ ಪೈಪ್ ಎಳೆದ್ಬಿಡಬೇಡಿ, ಆಮೇಲೆ ಸಹಾಯಧನ ಸಿಗೋದು ಕಷ್ಟ. ಶೆಡ್ ಅಂತೂ ಈ ವರ್ಷ ಬೇಡ್ವೇ ಬೇಡ, ಸ್ಟಾರ್ಟರ್‌ಗೆ ಒಂದು ತಗಡಿನ ಪೆಟ್ಟಿಗೆ ಸಾಕು.

ಬೋರು ಸ್ವಲ್ಪ ಬೇರೆ ವಿಷ್ಯ. ನೀರು ಇದ್ಯೋ ಇಲ್ವೋ ಗೊತ್ತಿಲ್ದೆ ಸಸಿ ನೆಡೋದು ತಪ್ಪು, ಹಂಗಂತ ಬೋರ್ ಲಾರಿ ಮೊದ್ಲು ಕರೆಸ್ಬೇಕು ಅಂತಾನೂ ಅಲ್ಲ. ನಿಮ್ಮ ಹಳೇ ಬಾವಿ ಇದೆ ಅಂದ್ರಲ್ಲ, ಈ ಏಪ್ರಿಲ್ ಮೇನಲ್ಲೇ ಅದನ್ನ ಪರೀಕ್ಷೆ ಮಾಡಿ. ಪಂಪ್ ಹಾಕಿ ಖಾಲಿ ಮಾಡಿ, ಮಾರನೇ ದಿನ ಅದೇ ಹೊತ್ತಿಗೆ ಎಷ್ಟು ಬಂದಿದೆ ಹಗ್ಗ ಬಿಟ್ಟು ಅಳೀರಿ. ಬೆಳೆದ ಅಡಿಕೆ ಮರಕ್ಕೆ ಡ್ರಿಪ್‌ನಲ್ಲಿ ಬೇಸಿಗೇಲಿ ದಿನಕ್ಕೆ 16ರಿಂದ 20 ಲೀಟರ್ ಲೆಕ್ಕ, ಅಂದ್ರೆ 800 ಮರಕ್ಕೆ 16,000 ಲೀಟರ್ ಹತ್ರ ಹತ್ರ, 250ಕ್ಕೆ 5,000 ಸಾಕು. ಎಳೇ ಸಸಿಗೆ ಅಷ್ಟೂ ಬೇಡ. ಬಾವಿ ಎಷ್ಟು ಕೊಡತ್ತೆ ಅಂತ ಗೊತ್ತಾದ್ರೆ ಈ ವರ್ಷ ಎಷ್ಟು ನೆಡ್ಬೇಕು ಅನ್ನೋದೂ ಗೊತ್ತಾಯ್ತು, ಬೋರು ಬೇಕೋ ಬೇಡ್ವೋ ಅದೂ ಗೊತ್ತಾಯ್ತು, ಒಂದು ಪೈಸೆ ಖರ್ಚಿಲ್ಲ.

ಬಿಡಬಾರದ್ದು ಒಂದೇ, ಬಸಿಗಾಲುವೆ. ಇದ್ರ ಬಗ್ಗೆ ಸ್ವಲ್ಪ ಉದ್ದ ಬರೀತೀನಿ ಬೇಜಾರ್ ಮಾಡ್ಕೋಬೇಡಿ. ಗದ್ದೆ ಅಂದ್ರೆ ಎಷ್ಟೋ ವರ್ಷ ಕೆಸರು ಹೂಟೆ ಮಾಡಿ ಮಾಡಿ ಅಡಿಯಲ್ಲಿ ಗಟ್ಟಿ ಪದರ ಆಗಿರತ್ತೆ, ನೀರು ನಿಲ್ಲಲಿ ಅಂತಾನೇ ಮಾಡಿರೋ ಜಾಗ ಅದು. ಅಡಿಕೆಗೆ ಬುಡದಲ್ಲಿ ನೀರು ನಿಂತ್ರೆ ಆಗಲ್ಲ, ಬೇರು ಕೊಳೆತು ಗರಿ ಹಳದಿ ತಿರುಗತ್ತೆ, ಆಗ ನೀವು ಗೊಬ್ಬರ ಸಾಲ್ಲಿಲ್ಲ ಅಂತ ಇನ್ನೊಂದಿಷ್ಟು ದುಡ್ಡು ಸುರೀತೀರಿ. ಎರಡು ಸಾಲಿಗೊಂದು ಕಾಲುವೆ, ಸಸಿ ನೆಡೋ ಗುಂಡಿ ತಳಕ್ಕಿಂತ ಅರ್ಧದಿಂದ ಒಂದಡಿ ಆಳ ಇರ್ಬೇಕು. ಜಂಬಿಟ್ಟಿಗೆ ನೆಲಕ್ಕೆ ಮೂರಡಿ ಗುಂಡಿ ಅಂತಾರೆ, ನಿಮ್ಮ ಗದ್ದೆಯಂಥ ಜಿಗುಟು ಮಣ್ಣಿಗೆ ಎರಡಡಿ ಸಾಕು, ಕಾಲುವೆ ಮಣ್ಣನ್ನೇ ಸಾಲಿಗೆ ಏರಿಸಿ. ಮೇಲ್ಮಣ್ಣು ಒಂದು ಕಡೆ ಅಡಿ ಮಣ್ಣು ಒಂದು ಕಡೆ ಹಾಕಕ್ಕೆ ಜೆಸಿಬಿ ಡ್ರೈವರ್‌ಗೆ ಮುಂಚೇನೇ ಹೇಳಿ, ಪಕ್ಕದಲ್ಲೇ ನಿಂತ್ಕೊಳ್ಳಿ, ಇಲ್ದಿದ್ರೆ ಸತ್ವ ಇಲ್ದಿರೋ ಅಡಿ ಮಣ್ಣು ಮೇಲೆ ಬಂದು ಒಳ್ಳೇದೆಲ್ಲ ಅಡಿಗೆ ಹೋಗತ್ತೆ. ಸಸಿ ಎದ್ದು ನಿಂತ್ಮೇಲೆ ಒಳಗೆ ಮಷಿನ್ ಹೋಗಲ್ಲ, ಆಳಲ್ಲೇ ತೋಡಿಸ್ಬೇಕು, ಆಗಿನ ಖರ್ಚು ನೆನೆಸ್ಕೊಂಡು ನೋಡಿ. ಅದಕ್ಕೇ ಹೇಳೋದು, ದುಡ್ಡು ಸಾಲ್ದಿದ್ರೆ ಕಾಲುವೆ ಆಳ ಕಡಿಮೆ ಮಾಡ್ಬೇಡಿ, ಸಸಿ ಕಡಿಮೆ ಮಾಡಿ.

ಅಂದ್ರೆ ಮಣ್ಣಿನ ಕೆಲಸ ಪೂರ್ತಿ ಒಂದೂವರೆ ಎಕರೆಗೂ ಈಗ್ಲೇ ಮಾಡ್ಸಿ (ಮಷಿನ್ ಒಂದ್ಸಲ ಬಂದಾಗ್ಲೇ ಮುಗಿಸೋದು ಲಾಭ), ಅಡಿಕೆ ಮಾತ್ರ ಅರ್ಧ ಎಕರೆಗೆ ನೆಡಿ. ಒಂಬತ್ತಡಿಗೆ ಒಂಬತ್ತಡಿ ಇಟ್ರೆ ಎಕರೆಗೆ 537 ಅಂತ ಕಾಗದದ ಲೆಕ್ಕ, ಕಾಲುವೆ ದಾರಿ ಬದು ಕಳೆದ್ರೆ 500ರ ಒಳಗೇ ಬರೋದು, ಹಂಗಾಗಿ ನಿಮ್ಮ 800 ಅನ್ನೋದು ಹೆಂಗೂ ಹಿಡಿಯಲ್ಲ. ಉಳಿದ ಒಂದು ಎಕರೆಗೆ ಈ ಮಳೆಗೆ ಬಾಳೆ ಹಾಕಿ. ಎಳೇ ಅಡಿಕೆಗೆ ತೆಂಕು-ಪಡುವಣ ಬಿಸಿಲು ಹೊಡೆದ್ರೆ ಕಾಂಡ ಸುಡತ್ತೆ, ಮುಂದಿನ ವರ್ಷ ಸಸಿ ನೆಡೋ ಹೊತ್ತಿಗೆ ನೆರಳು ರೆಡಿ ಇರತ್ತೆ, ಗೊನೆ ಮಾರಿದ್ರೆ ಡ್ರಿಪ್‌ಗೆ ಒಂದಿಷ್ಟು ದುಡ್ಡೂ ಆಗತ್ತೆ. ಮಂಗ ಬಿಟ್ರೆ. ಮಂಗಕ್ಕೆ ಯಾವ ತಂತಿ ಬೇಲಿನೂ ಲೆಕ್ಕಕ್ಕಿಲ್ಲ ಅದನ್ನ ತಲೇಲಿಟ್ಕೊಂಡೇ ಬೇಲಿಗೆ ಖರ್ಚು ಮಾಡಿ, ದನ ಬರೋ ಕಡೆ ಮಾತ್ರ ಈಗ ಕಟ್ಟಿ.

ಒಂದ್ವೇಳೆ ಮಣ್ಣಿನ ಕೆಲಸ ಮೇನಲ್ಲಿ ಮುಗೀದೆ ಹೋದ್ರೂ ಗಾಬರಿ ಬೇಡ. ನೀರು ಇಂಗೋ ನೆಲದಲ್ಲಿ ಮೇ ಜೂನ್‌ಗೆ ನೆಡ್ತಾರೆ, ಜಿಗುಟು ಮಣ್ಣಲ್ಲಿ ಆಗಸ್ಟ್ ಸೆಪ್ಟೆಂಬರ್‌ಗೆ ನೆಡೋದೇ ಒಳ್ಳೇದು. ಕಾಲುವೆ ಆಗಿರೋ ಕಡೆ ಆಗ ನೆಡಿ, ಆಗ್ದಿದ್ದು ಮುಂದಿನ ವರ್ಷಕ್ಕಿರ್ಲಿ.

ಸಸಿ ಕಡಿಮೆ ರೇಟಿಗೆ ಸಿಗತ್ತೆ ಅಂತ ಗಾಡೀಲಿ ಬಂದಿದ್ದು ತಗೋಬೇಡಿ. ಒಂದರಿಂದ ಒಂದೂವರೆ ವರ್ಷದ್ದು, ಐದು ಎಲೆ ಮೇಲೆ ಇರೋದು, ಕುಳ್ಳಗೆ ಬುಡ ದಪ್ಪ ಇರೋದು ಆರಿಸಿ, ಎಲೆಚುಕ್ಕಿ ರೋಗ ಇರೋ ಜಾಗದಿಂದ ತರಲೇಬೇಡಿ. ಅಡಿಕೆ ಫಸಲು ಕಾಣಕ್ಕೆ ಐದಾರು ವರ್ಷ ಬೇಕು, ಸಸಿ ಕೆಟ್ಟದು ಅಂತ ಗೊತ್ತಾಗೋದೂ ಅಷ್ಟೊತ್ತಿಗೇ.

ಇನ್ನೊಂದು ಯಾರೂ ಹೇಳ್ಲಿಲ್ಲ. ನಿಮ್ಮ ಅಪ್ಪಯ್ಯನ ಹಳೇ ತೋಟ ಇದ್ಯಲ್ಲ, ಅದಕ್ಕೆ ಮೊದಲ ಬೋರ್ಡೋ (ಮೈಲುತುತ್ತ-ಸುಣ್ಣದ ಔಷಧಿ) ಹೊಡೀಬೇಕಾಗಿರೋದು ಮಳೆ ಹಿಡಿಯೋ ಮುಂಚೆ, ಅಂದ್ರೆ ನೀವು ಗುಂಡಿ ಗುಂಡಿ ಅಂತ ಓಡಾಡೋ ಅದೇ ವಾರ, ಅದೇ ಆಳುಗಳು. ಇದನ್ನ ತಪ್ಪಿಸಿ ಹೊಸ ತೋಟಕ್ಕೆ ಆಳು ಎಳ್ಕೊಂಡ್ರೆ ಅಡಿಕೆ ಕಾಯಿಗೆ ಕೊಳೆ ರೋಗ ಬಂದು ಕೈಗೆ ಬರ್ತಿರೋ ಆದಾಯಾನೇ ಉದುರತ್ತೆ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ ಒಂದು ಕೆಜಿ ಸುಣ್ಣ, ಆಮೇಲೆ 40-45 ದಿನಕ್ಕೆ ಎರಡನೇ ಸಲ, ಅದು ನಿಮ್ಗೂ ಗೊತ್ತಿರೋದೇ. ಔಷಧಿ ಹೊಡೆಯೋರ ದಿನ ಮೊದ್ಲು ಗೊತ್ತು ಮಾಡಿ, ಉಳಿದ ದಿನದಲ್ಲಿ ಹೊಸದು. ಐದು ಲಕ್ಷದಲ್ಲಿ ಒಂದು ಐವತ್ತು ಸಾವಿರ ಮುಟ್ಟದೆ ಇಟ್ಕೊಳ್ಳಿ, ಸತ್ತ ಸಸಿಗೆ ಬದಲಿ, ಕುಸಿದ ಕಾಲುವೆ, ಎಂತಾದ್ರೂ ಒಂದು ಬಂದೇ ಬರತ್ತೆ.

ಜೆಸಿಬಿಗೆ ಅಡ್ವಾನ್ಸ್ ಕೊಡೋಕೆ ಮುಂಚೆ ಕೆಳಗಿನ ಗದ್ದೆಯವರ ಮನೆಗೆ ಅಪ್ಪಯ್ಯನ್ನ ಕರ್ಕೊಂಡು ಒಂದ್ಸಲ ಹೋಗಿ ಬನ್ನಿ, ನಿಮ್ಮ ಕಾಲುವೆ ನೀರೆಲ್ಲ ಇಳಿಯೋದು ಅವರ ಸಸಿಮಡಿ ಮೇಲೇ ಅಲ್ವಾ. ಹಳ್ಳಕ್ಕೆ ನೀರು ಬಿಡಕ್ಕೆ ದಾರಿ ಎಲ್ಲಿದೆ ಅಂತ ಒಂದು ಫೋಟೋ ಹಾಕಿ ಇಲ್ಲಿ, ಕಾಲುವೆ ಯಾವ ಕಡೆಯಿಂದ ಶುರು ಮಾಡ್ಬೇಕು ಅಂತ ನೋಡಿ ಹೇಳ್ತೀನಿ.