60 ದಾಟಿದರೆ ಗುಂಯ್ ಅನ್ನುವ ಕಾರು: ಬೇರಿಂಗೋ, ಟೈರೋ?

60 ಕಿ.ಮೀ. ವೇಗ ದಾಟಿದರೆ ಗುಂಯ್ ಅನ್ನುವ ಸದ್ದು ಬರುತ್ತದೆ, ಒಬ್ಬ ಮೆಕ್ಯಾನಿಕ್ ಚಕ್ರದ ಬೇರಿಂಗ್ (ಚಕ್ರ ಸರಾಗವಾಗಿ ತಿರುಗಲು ಅದರ ನಡುವೆ ಇರುವ ಗುಂಡುಗಳ ಬಳೆ) ಅಂದರು, ಇನ್ನೊಬ್ಬರು ಟೈರ್ ಅಂದರು ಎಂದು ಕೇಳಿದ್ದೀರಿ. ಈ ಎರಡರ ಸದ್ದೂ ಕಿವಿಗೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ದುಡ್ಡು ಕೊಡುವ ಮೊದಲು ಸದ್ದು ಯಾವುದರ ಜೊತೆ ಏರಿಳಿಯುತ್ತದೆ ಅಂತ ನೋಡಿಕೊಳ್ಳಿ.

ಖಾಲಿ, ನೇರ ರಸ್ತೆಯಲ್ಲಿ ಸದ್ದು ಜೋರಾಗಿರುವ ವೇಗಕ್ಕೆ ಬಂದು ನ್ಯೂಟ್ರಲ್ ಮಾಡಿ. ಇಂಜಿನ್ ಮಾತ್ರ ಆಫ್ ಮಾಡಬೇಡಿ, ಸ್ಟಿಯರಿಂಗೂ ಬ್ರೇಕೂ ಗಟ್ಟಿಯಾಗುತ್ತವೆ. ಆಟೊಮ್ಯಾಟಿಕ್ ಆದರೆ ನ್ಯೂಟ್ರಲ್ ಬೇಡ; ಅದೇ ವೇಗದಲ್ಲಿ ಒಂದು ಗೇರ್ ಇಳಿಸಿ ನೋಡಿ. ಆರ್‌ಪಿಎಂ (ಇಂಜಿನ್ ಸುತ್ತುವ ವೇಗ) ಜೊತೆ ಸದ್ದೂ ಬದಲಾದರೆ ಅದು ಇಂಜಿನ್ ಕಡೆಯದು: ಆಲ್ಟರ್ನೇಟರ್ ಬೇರಿಂಗ್, ಬೆಲ್ಟಿನ ಪುಲಿ, ಸೈಲೆನ್ಸರ್. ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಬಂದರೆ ಡಿಫರೆನ್ಷಿಯಲ್ (ಇಂಜಿನ್ ಶಕ್ತಿಯನ್ನು ಎಡ, ಬಲ ಚಕ್ರಗಳಿಗೆ ಹಂಚುವ ಗೇರುಗಳು) ಮೇಲೆ ಅನುಮಾನಪಡಿ, ಮೊದಲು ಅದರ ಆಯಿಲ್ ಮಟ್ಟ ನೋಡಿ. ಇಂಜಿನ್ ಏನು ಮಾಡಿದರೂ ಸದ್ದು ಕಾರಿನ ವೇಗವನ್ನೇ ಹಿಂಬಾಲಿಸಿದರೆ ಚಕ್ರಗಳ ಕಡೆ ಬನ್ನಿ.

ಒರಟು ಡಾಂಬರಿನಿಂದ ನುಣುಪು ಡಾಂಬರಿಗೆ ಬಂದಾಗ ಸದ್ದಿನ ಧಾಟಿಯೇ ಬದಲಾದರೆ ಅದು ಟೈರ್. ಟ್ರೆಡ್ (ಟೈರಿನ ನೆಲಕ್ಕೆ ತಾಗುವ ಮೈ) ಮೇಲೆ ಅಂಗೈಯನ್ನು ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಸವರಿ (ತಂತಿ ಹೊರಬಂದಿದ್ದರೆ ಕೈ ಹುಷಾರು). ಒಂದು ದಿಕ್ಕಿನಲ್ಲಿ ನುಣುಪಾಗಿದ್ದು ಇನ್ನೊಂದರಲ್ಲಿ ಗರಗಸದಂತೆ ತಡೆದರೆ ಟೈರ್ ಓರೆಯಾಗಿ ಸವೆದಿದೆ. ಅಲೈನ್‌ಮೆಂಟ್ ತಪ್ಪಿರುವುದು, ಶಾಕ್ ಅಬ್ಸಾರ್ಬರ್ ಸೋತಿರುವುದು, ಟೈರ್ ರೊಟೇಷನ್ ಮಾಡದಿರುವುದು ಇದಕ್ಕೆ ಕಾರಣ. ಅದೇ ಬದಿಯ ಮುಂದಿನ, ಹಿಂದಿನ ಟೈರುಗಳನ್ನು ಅದಲುಬದಲು ಮಾಡಿ ಓಡಿಸಿ; ಸದ್ದು ಜಾಗ ಬದಲಿಸಿದರೆ ಮತ್ತೆ ಬೇರಿಂಗ್ ಮಾತೇ ಬೇಡ.

ಬೇರಿಂಗ್ ಸದ್ದು ರಸ್ತೆಗೆ ಅಷ್ಟಾಗಿ ಬದಲಾಗದು, ಭಾರಕ್ಕೆ ಬದಲಾಗುತ್ತದೆ. ಎಡಕ್ಕೆ ನಿಧಾನವಾಗಿ ತಿರುಗಿಸಿದಾಗ ಭಾರ ಬಲಗಡೆಗೆ ಬೀಳುತ್ತದೆ. ಆಗ ಸದ್ದು ಜೋರಾದರೆ ಸಾಮಾನ್ಯವಾಗಿ ಬಲಗಡೆಯದೇ ಹೋಗಿರುತ್ತದೆ. ಸಾಮಾನ್ಯವಾಗಿ ಮಾತ್ರ. ಖಚಿತವಾಗಲು ಸಮತಟ್ಟಾದ ನೆಲದಲ್ಲಿ ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟು, ಜಾಕ್ ಎತ್ತಿ, ಸ್ಟ್ಯಾಂಡ್ ಇಟ್ಟು, ನ್ಯೂಟ್ರಲ್‌ನಲ್ಲಿ ಚಕ್ರ ತಿರುಗಿಸಿ. ಹಿಂದಿನ ಚಕ್ರವಾದರೆ ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಇನ್ನೊಂದು ಕೈ ಕಾಯಿಲ್ ಸ್ಪ್ರಿಂಗ್ ಮೇಲಿರಲಿ. ಕೆಟ್ಟ ಬೇರಿಂಗ್‌ನ ಗರಗರ ಕಿವಿಗೆ ಕೇಳದಿದ್ದರೂ ಸ್ಪ್ರಿಂಗ್ ಮೂಲಕ ಬೆರಳಿಗೆ ತಿಳಿಯುತ್ತದೆ. ಆಮೇಲೆ ಚಕ್ರದ ಮೇಲೆ, ಕೆಳಗೆ ಹಿಡಿದು ಅಲ್ಲಾಡಿಸಿ. ಪ್ಲೇ (ಸಡಿಲವಾದ ಅಲ್ಲಾಟ) ಇಲ್ಲ ಅಂದಮಾತ್ರಕ್ಕೆ ಬೇರಿಂಗ್ ಸರಿಯಿದೆ ಎಂದಲ್ಲ, ಪ್ಲೇ ಬರುವ ಎಷ್ಟೋ ಮೊದಲೇ ಸದ್ದು ಶುರುವಾಗುತ್ತದೆ. ಪ್ಲೇ ಬಂದೇಬಿಟ್ಟಿದ್ದರೆ ಓಡಿಸಬೇಡಿ, ಟೋ ಮಾಡಿಸಿ.

ಮೆಕ್ಯಾನಿಕ್ ‘ಬಿಚ್ಚಿ ನೋಡೋಣ’ ಅಂದರೆ ಒಪ್ಪಬೇಡಿ. ಪ್ರೆಸ್ ಮಾಡಿ ಕೂರಿಸುವ ಬೇರಿಂಗ್‌ನಿಂದ ಹಬ್ (ಚಕ್ರವನ್ನು ಬೋಲ್ಟ್ ಮಾಡುವ ನಡುಭಾಗ) ಕಿತ್ತರೆ ಆ ಬೇರಿಂಗ್ ಅಲ್ಲಿಗೆ ಮುಗಿಯಿತು, ಮತ್ತೆ ಹಾಕುವಂತಿಲ್ಲ. ಹೊಸದನ್ನು ನಕಲ್‌ಗೆ (knuckle, ಬೇರಿಂಗ್ ಕೂರುವ ಲೋಹದ ಭಾಗ) ಕೂರಿಸುವಾಗ ಹೊರ ರೇಸ್ (ಬೇರಿಂಗ್‌ನ ಹೊರಗಿನ ಬಳೆ) ಮೇಲೆ ಮಾತ್ರ ಒತ್ತಬೇಕು, ಹಬ್ ಕೂರಿಸುವಾಗ ಒಳ ರೇಸ್‌ಗೆ (ಒಳಗಿನ ಬಳೆಗೆ) ಆಸರೆ ಬೇಕು. ತಪ್ಪಿದರೆ ಒತ್ತಡ ಗುಂಡುಗಳ ಮೂಲಕ ಹಾದು ರೇಸ್‌ನಲ್ಲಿ ಗುಳಿ ಬೀಳುತ್ತದೆ, ಹೊಸ ಬೇರಿಂಗೂ ಬೇಗನೆ ಗುಂಯ್ ಅನ್ನುತ್ತದೆ. ಕೆಲವು ಬೇರಿಂಗ್‌ಗಳ ಒಂದು ಬದಿಯ ಸೀಲ್‌ನಲ್ಲೇ ಎಬಿಎಸ್‌ಗೆ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆಗೆ) ಬೇಕಾದ ಅಯಸ್ಕಾಂತೀಯ ರಿಂಗ್ ಇರುತ್ತದೆ. ಆ ಬದಿ ಸೆನ್ಸರ್ ಕಡೆಗಿರಬೇಕು, ಇಲ್ಲವಾದರೆ ಎಬಿಎಸ್ ದೀಪ ಹತ್ತಿಕೊಳ್ಳುತ್ತದೆ. ಹಬ್ ನಟ್ ಹೊಸದೇ ಹಾಕಿಸಿ, ಕೊನೆಯ ಬಿಗಿತ ಮ್ಯಾನುಯಲ್‌ನ ಅಳತೆಗೆ ಟಾರ್ಕ್ ರೆಂಚ್‌ನಲ್ಲೇ ಆಗಲಿ.